ಸೋಸದ ತುಣುಕು

ದೊಡ್ಡ ಡಾಕ್ಟರಿಗೆ ಲ್ಯಾಬಿನವರು ಇಟ್ಟ ಹೆಸರು ಮೈಕಾಸುರ. ಮೈಕು ಕಂಡರೆ ಊಟ ಬಿಟ್ಟು ಓಡುವ ಮನುಷ್ಯ. ಮೈಕು ಸಿಗದ ಕಡೆ ಪೆನ್ನನ್ನೇ ಬಾಯಿಯ ಹತ್ತಿರ ಹಿಡಿದು ಮಾತಾಡುತ್ತಿದ್ದರು. ಪದೇ ಪದೇ ಗರ್ಭ ಕಳಚಿಹೋಗುವುದು ಯಾಕೆ ಎಂಬ ಸಂಶೋಧನೆಗೆ ತಾವೇ ಮುಖ್ಯಸ್ಥರೆಂದು ಬಾಗಿಲಿನ ಮೇಲೆ, ಮೇಜಿನ ಮೇಲೆ, ಕೊನೆಗೆ ಕಾಫಿ ಲೋಟದ ಮೇಲೂ ಬರೆಸಿಕೊಂಡಿದ್ದರು. ಗರ್ಭ ಕಳೆದುಕೊಂಡ ಹೆಂಗಸರಲ್ಲಿ ಒಬ್ಬಳ ಮುಖವೂ ಅವರಿಗೆ ನೆನಪಿರಲಿಲ್ಲ.

ಹೊಸದಾಗಿ ಸೇರಿದ ಸಂಶೋಧಕಿಗೆ ಬಂದ ವಾರವೇ ಅನುಮಾನ ಹತ್ತಿತು. ಹೋದ ಗರ್ಭಗಳಿಂದ ತೆಗೆದ ತುಣುಕುಗಳ ಫಲಿತಾಂಶ ಹೆಚ್ಚುಕಡಿಮೆ ಒಂದೇ: ಹೆಣ್ಣು, ದೋಷವಿಲ್ಲ. ಹೆಣ್ಣು, ದೋಷವಿಲ್ಲ.

"ಸಾರ್, ಇಷ್ಟೂ ಹೆಣ್ಣೇ ಹೇಗಾಗತ್ತೆ?"

"ಅದೇ ಅಲ್ವೇನಮ್ಮಾ ನನ್ನ ಶೋಧ!" ಪೆನ್ನು ಬಾಯಿಯ ಹತ್ತಿರ ಬಂತು. "ಮಗು ಚೆನ್ನಾಗೇ ಇರತ್ತೆ. ಕೆಲವು ಹೆಂಗಸರ ಗರ್ಭಕೋಶಕ್ಕೆ ಹೆಣ್ಣನ್ನ ಕಂಡ್ರೆ ಆಗಲ್ಲ. ಸಮ್ಮೇಳನದಲ್ಲಿ ನೋಡ್ತಿರು, ಜನ ಎದ್ದು ನಿಂತು ಚಪ್ಪಾಳೆ ಹೊಡೀತಾರೆ."

ಅವಳಿಗೆ ನಗಬೇಕೋ ಉಗಿಯಬೇಕೋ ತಿಳಿಯಲಿಲ್ಲ. ತುಣುಕುಗಳನ್ನು ಹೇಗೆ ತಯಾರು ಮಾಡಿದಿರಿ ಎಂದು ಲ್ಯಾಬಿನವರನ್ನು ಕೇಳಿದಾಗ ಗುಟ್ಟು ಹೊರಬಿತ್ತು. ತುಣುಕನ್ನು ತೊಳೆದು, ಸೂಕ್ಷ್ಮದರ್ಶಕದ ಕೆಳಗಿಟ್ಟು, ತಾಯಿಯ ರಕ್ತ, ಗರ್ಭಕೋಶದ ಒಳಪದರ ಎಲ್ಲವನ್ನೂ ಬಿಡಿಸಿ, ಮಗುವಿನ ಕಡೆಯ ಬಿಳಿ ಎಳೆಗಳನ್ನಷ್ಟೇ ಆರಿಸಬೇಕು. ಸೊಪ್ಪು ಸೋಸಿದ ಹಾಗೆ. ಕತ್ತು ಹಿಡಿದುಕೊಳ್ಳುವ, ಕಣ್ಣುರಿಯುವ ಕೆಲಸ. ಸಮ್ಮೇಳನ ಹತ್ತಿರ ಬಂತೆಂದು ಮೈಕಾಸುರರು ಆ ಸೋಸುವ ಕೆಲಸವನ್ನೇ ನಿಲ್ಲಿಸಿಬಿಟ್ಟಿದ್ದರು. ಸೋಸದೆ ಹಾಕಿದರೆ ಯಂತ್ರಕ್ಕೇನು ಗೊತ್ತು? ಸಿಕ್ಕಿದ್ದನ್ನು ಓದಿತ್ತು. ಸಿಕ್ಕಿದ್ದು ತಾಯಿ. ತಾಯಿ ಹೆಣ್ಣಲ್ಲದೆ ಇನ್ನೇನು!

ಇದನ್ನು ಹೇಳಿದ್ದಕ್ಕೆ ಮೈಕಾಸುರರು, "ನಿನಗೆ ನಿದ್ದೆ ಸಾಲ್ತಿಲ್ಲ ಕಣಮ್ಮಾ, ಮನೆಗೆ ಹೋಗಿ ಮಲಕ್ಕೋ," ಎಂದರು.

ಅವಳು ಮಲಗಲಿಲ್ಲ. ಸೋಮವಾರ ಫಲಿತಾಂಶ ಕೇಳಲು ಬರಲಿದ್ದ ಒಬ್ಬಳ ಉಳಿದ ತುಣುಕನ್ನು ತೆಗೆದು ಕೂತು ಸೋಸಿ ಯಂತ್ರಕ್ಕೆ ಹಾಕಿದಳು.

ಸೋಮವಾರ ಬಂದವರು ಅತ್ತೆ, ಸೊಸೆ, ಮತ್ತು ಗಂಡ ಅನ್ನಿಸಿಕೊಂಡವನು. ಅವನು ಫೋನಿನಲ್ಲಿ ಮುಖ ಹುದುಗಿಸಿ ಕೂತ. ಅತ್ತೆಯ ಕಾಲಬಳಿ ಒಂದು ತುಂಬಿದ ಬ್ಯಾಗಿತ್ತು.

"ಇವಳ ಬಟ್ಟೆ," ಎಂದಳು ಅತ್ತೆ, ಯಾರೂ ಕೇಳದೆಯೇ. "ಮೊಮ್ಮಗಳು ಲಕ್ಷಣವಾಗಿದ್ಲಂತೆ, ಇವಳ ಹೊಟ್ಟೆಗೇ ಬೇಡವಾಯ್ತಂತೆ. ನೀವೇ ಅಲ್ವಾ ಡಾಕ್ಟ್ರೇ ಫೋನಲ್ಲಿ ಹೇಳಿದ್ದು? ಇನ್ನೊಂದ್ಸಲ ಬಾಯಿಬಿಟ್ಟು ಹೇಳ್ಬಿಡಿ, ಇಲ್ಲಿಂದಾನೇ ತವರಿಗೆ ಕಳಿಸ್ತೀನಿ."

ಸೊಸೆ ನೆಲ ನೋಡುತ್ತಿದ್ದಳು. ಮೈಕಾಸುರರು ಪೆನ್ನು ಎತ್ತಿದರು.

"ಅದು ಮಗುವಿನ ಫಲಿತಾಂಶ ಅಲ್ಲ ಅಮ್ಮಾ," ಎಂದಳು ಸಂಶೋಧಕಿ. "ಇವರ ರಕ್ತದ ಜೊತೆ ಹೋಲಿಸಿದ್ದೀನಿ, ಅದು ಇವರದ್ದೇ. ಆಮೇಲೆ ಸೋಸಿ ನೋಡಿದೆ. ಮಗು ಗಂಡು. ಜೋಡಿ ಇರಬೇಕಾದ ಕಡೆ ಒಂದು ವರ್ಣತಂತು ಹೆಚ್ಚಾಗಿತ್ತು. ಆ ವರ್ಣತಂತು ಹೆಚ್ಚಾದ ಮಗು ಯಾರ ಹೊಟ್ಟೆಯಲ್ಲೂ ನಿಲ್ಲಲ್ಲ. ಇದಕ್ಕೆ ಮುಂಚೆ ಹೋದ ಎರಡು ಗರ್ಭಗಳದ್ದು ನನಗೆ ಗೊತ್ತಿಲ್ಲ, ಅವನ್ನ ಯಾರೂ ಪರೀಕ್ಷೆ ಮಾಡಿಲ್ಲ. ಈ ಸಲದ್ದು ಇವರ ತಪ್ಪಲ್ಲ."

"ಭಾರ ಎತ್ತಬೇಡ ಅಂತ ಬಡ್ಕೊಂಡಿದ್ದೆ. ಅದಕ್ಕೇ..."

"ಕೊಡ ಎತ್ತಿದ್ರೆ ವರ್ಣತಂತು ಹೆಚ್ಚಾಗಲ್ಲಮ್ಮಾ. ಗರ್ಭ ಕಟ್ಟೋ ಹೊತ್ತಿಗೇ ಆಗಿಹೋಗಿತ್ತು. ನಿಮ್ಮ ಮಗನ ಕಡೆಯಿಂದಲೂ ಬಂದಿರಬಹುದು."

ಗಂಡ ಮೊದಲ ಸಲ ಫೋನಿನಿಂದ ತಲೆ ಎತ್ತಿದ. ಅತ್ತೆ ಸೊಸೆಯನ್ನು ಬಿಟ್ಟು ಮಗನ ಕಡೆ ಕಣ್ಣು ತಿರುಗಿಸಿದಳು. ಆ ಮನೆಯಲ್ಲಿ ಅಂಥದ್ದು ಅಪರೂಪವಿರಬೇಕು.

ಮೈಕಾಸುರರು ಮಾತ್ರ ಸೋತವರಂತೆ ಕಾಣಲಿಲ್ಲ. "ನೋಡಿದ್ಯಾ! ಸೋಸದೆ ಹಾಕೋ ವಿಧಾನದಲ್ಲಿ ಇಂಥ ದೋಷ ಇರತ್ತೆ ಅಂತ ನಾನೇ ತೋರಿಸಬಹುದಲ್ಲ? ಸಮ್ಮೇಳನಕ್ಕೆ ಇದು ಇನ್ನೂ ಚೆನ್ನಾಗಿದೆ," ಎಂದು ಪೆನ್ನಿಗೆ ಹೇಳಿಕೊಂಡರು. ಸಂಶೋಧಕಿ ಅವರನ್ನು ಚಪ್ಪಲಿಗೆ ಅಂಟಿದ್ದನ್ನು ನೋಡುವ ಹಾಗೆ ನೋಡಿದಳು. "ಉಳಿದವರ ಮನೆಗಳಿಗೂ ಫೋನ್ ಮಾಡಿ, ತಪ್ಪಾಯ್ತು ಅನ್ನಿ ಸಾರ್. ಮೈಕು ಆಮೇಲೆ."

ಸೊಸೆ ಮೆಲ್ಲಗೆ ಕೇಳಿದಳು: "ಮೇಡಂ, ಹೆಣ್ಣು ಅಂದಿದ್ರು. ಅವಳಿಗೆ ಹೆಸರಿಟ್ಟಿದ್ದೆ. ಆ ಹೆಸರು ಹಿಡಿದು ಬಚ್ಚಲಲ್ಲಿ ಕೂತು ಅತ್ತಿದ್ದೆಲ್ಲ... ನನಗೇನಾ?"

ಸಂಶೋಧಕಿ ಅವಳ ಕೈ ಹಿಡಿದುಕೊಂಡಳು. "ಹೂಂ ಕಣಮ್ಮಾ. ನಿನಗೇ."

"ಒಳ್ಳೇದಾಯ್ತು ಬಿಡಿ. ನನಗೋಸ್ಕರ ಇನ್ಯಾರು ಅಳ್ತಿದ್ರು."

ಅತ್ತೆ ಬ್ಯಾಗನ್ನು ಮೆಲ್ಲಗೆ ಕಾಲಿನಿಂದ ಕುರ್ಚಿಯ ಕೆಳಗೆ ತಳ್ಳುತ್ತಿದ್ದಳು. "ನಡಿಯೇ, ಮನೆಗೆ ಹೋಗೋಣ. ಆಗಿದ್ದಾಯ್ತು."

ಸೊಸೆ ಬಗ್ಗಿ ಬ್ಯಾಗನ್ನು ಹೊರಗೆಳೆದು ಗಂಡನ ಮಡಿಲಲ್ಲಿಟ್ಟಳು. "ತಗೊಂಡು ಬನ್ನಿ. ಭಾರ ಎತ್ತಬಾರದಂತಲ್ಲ ನಾನು."

"ಎಲ್ಲಿಗೆ?" ಎಂದಳು ಅತ್ತೆ.

"ತವರಿಗೆ. ನೀವು ಕಳಿಸ್ತೀರ ಅಂತಲ್ಲ, ನನಗೆ ಹೋಗ್ಬೇಕು. ಗಂಡುಮಗು ಅಂತೆ." ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ಅವನಿಗೊಂದು ಹೆಸರು ಹುಡುಕ್ಬೇಕು. ನಿಮ್ಮ ಮನೆಯಲ್ಲಿ ಗಲಾಟೆ ಜಾಸ್ತಿ."