ಗಾಳಿ ಡಬ್ಬಿಗೆ ಲೋಬಾನ

ಶಹಾಪುರದ ಹಳೇ ಬಜಾರಿನ ಕಂಬದ ಮೇಲೆ ಕೂತ, ಗಾಳಿಯ ಹೊಗೆ-ಧೂಳು ಅಳೆಯುವ ಡಬ್ಬಿ ಸಂಜೆ ನಾಲ್ಕೂವರೆಗೆ ತೊಂಬತ್ನಾಲ್ಕು ತೋರಿಸುತ್ತಿತ್ತು. ಐದು ಗಂಟೆಗೆ ಅದು ನೂರರ ಒಳಗಿರಬೇಕು. ಇಲ್ಲದಿದ್ದರೆ ಮೂರು ಗಾಲಿಯ ಡೀಸೆಲ್ ಟಂಟಂಗಳಿಗೆ ಬಜಾರಿನ ಬಾಗಿಲು ಕಾಯಂ ಬಂದ್.

ಆರು ತಿಂಗಳಿಂದ ಬಜಾರಿನ ಬಾಯಿಗೆ ಕೆಂಪು ಗೇಟು ಬಿದ್ದಿತ್ತು. ಹೊಗೆ ಬಿಡುವ ಗಾಡಿ ಹೊರಗೆ; ಬ್ಯಾಟರಿ ಗಾಡಿ, ಸೈಕಲ್ಲು, ಎತ್ತು, ಎಮ್ಮೆ ಒಳಗೆ. ದೋರನಹಳ್ಳಿಯಿಂದ ಬಂದವರು ಗೇಟಿನಲ್ಲೇ ಇಳಿದು ತೊಗರಿ ಚೀಲ ಹೊತ್ತು ನಡೆಯಬೇಕು. ಹಾಗಾಗಿ ಅಂಬ್ರಪ್ಪನ ಟಂಟಂ ಹತ್ತುವವರೇ ಇಲ್ಲವಾದರು. ಒಂದು ದಿನವಂತೂ ಬರೀ ಒಂದು ಆಡು ಹತ್ತಿತ್ತು; ಅದೂ ಅರ್ಧ ದಾರಿಯಲ್ಲಿ ಮನಸ್ಸು ಬದಲಿಸಿ ಇಳಿದು ಹೋಯಿತು. ಗೇಟು ತೆಗೆಯದಿದ್ದರೆ ಹದಿನೇಳು ವರ್ಷದ ಗಾಡಿಯನ್ನು ಗುಜರಿಗೆ ಹಾಕುವುದೇ ಗತಿ. ಅಂಬ್ರಪ್ಪನಿಗೆ ಬೇರೆ ಕಸುಬು ಗೊತ್ತಿರಲಿಲ್ಲ.

ಡ್ರೈವರುಗಳ ಹಿರಿಯ ಮೌನಪ್ಪ ನಗರಸಭೆಯಲ್ಲಿ ಜಗಳವಾಡಿ ಒಂದು ಪಂದ್ಯ ಕಟ್ಟಿ ಬಂದಿದ್ದ. ಒಂದು ದಿನ ಅವರ ಹನ್ನೆರಡೂ ಟಂಟಂ ಬಜಾರಿನೊಳಗೆ ಓಡಬೇಕು, ಐದಕ್ಕೆ ಡಬ್ಬಿ ನೋಡಬೇಕು.

“ಗೆದ್ರ ಗೇಟು ನಾನೇ ತೆಗಸ್ತೀನ್ರಿ. ಸೋತ್ರ ಬಾಯಿ ಮಾಡಬ್ಯಾಡ್ರಿ” ಎಂದಿದ್ದರು ನಗರಸಭೆಯ ಪರಿಸರ ಇಂಜಿನಿಯರ್ ಶಿವರಂಜನಿ.

ಬೆಳಗಿನಿಂದ ಬಜಾರು ಉಸಿರು ಬಿಗಿಹಿಡಿದಿತ್ತು. ಡ್ರೈವರುಗಳು ನಾಲ್ಕು ಟ್ಯಾಂಕರ್ ನೀರು ಹೊಡೆಸಿ ರಸ್ತೆಯ ಧೂಳು ಕೂರಿಸಿದ್ದರು. ಮಿರ್ಚಿ ಭಜಿಯವನ ಒಲೆ ಆರಿಸಿದ್ದರು. ಬೀಡಿ ಹಚ್ಚಿದವನೊಬ್ಬನನ್ನು ಮೌನಪ್ಪ ಮಲಗಿದ ಬುದ್ಧನಂತೆ ಕಾಣುವ ಬೆಟ್ಟದ ತನಕ ಅಟ್ಟಿಸಿಕೊಂಡು ಹೋಗಿದ್ದ. ಬಳೆ ಅಂಗಡಿಯ ಚಾಂದಪಾಶಾ ಮಾತ್ರ ಹೇಳಿಯೇ ಬಿಟ್ಟಿದ್ದ: “ಖರೇ ಹೇಳ್ತೀನಿ ಅಂಬ್ರಪ್ಪಣ್ಣ, ಸಿಟ್ಟಾಗಬ್ಯಾಡ. ಗೇಟು ಬಿದ್ದಾಗಿಂದ ನನ್ನ ದಮ್ಮಿನ ಬ್ಯಾನಿ ಕಮ್ಮಿ ಆಗ್ಯಾದ.” ಅಂಬ್ರಪ್ಪ ಕೇಳಿಸದವನಂತೆ ಗಾಡಿ ಒರೆಸಿದ್ದ.

ನಾಲ್ಕು ನಲವತ್ತಕ್ಕೆ ತೊಂಬತ್ತಾರು. ಅಂಬ್ರಪ್ಪ ಇನ್ನೊಮ್ಮೆ ಅಂಕಿ ನೋಡಿದ. ಆಗ ಅವನ ಹೆಂಡತಿ ಕರೆಮ್ಮ ತೆಂಗಿನಕಾಯಿ, ಹೂವು, ಕೆಂಡದ ಮಡಿಕೆ ಹಿಡಿದು ಬಂದಳು. ಹೊಸ ಮೋಟರಿರಲಿ, ಬಿತ್ತುವ ಕೂರಿಗೆ ಇರಲಿ, ಪೂಜೆ ಮಾಡದೆ ಅವರ ಮನೆಯಲ್ಲಿ ಯಾವುದನ್ನೂ ಕೆಲಸಕ್ಕೆ ಹಚ್ಚಿದ್ದಿಲ್ಲ. ಇಷ್ಟು ದೊಡ್ಡ ತೀರ್ಪು ಕೊಡುವ ಡಬ್ಬಿಯನ್ನು ಬರಿಗೈಯಲ್ಲಿ ಬಿಡುವುದುಂಟೇ? ಬಾ ಎಂದು ಹೇಳಿ ಕಳಿಸಿದವನೇ ಅಂಬ್ರಪ್ಪ. ಕಾಯಿ ಒಡೆದ. ಕೆಂಡಕ್ಕೆ ಎರಡು ಹಿಡಿ ಲೋಬಾನದ ಧೂಪ ಸುರಿದ. ಸ್ಟೂಲು ಹತ್ತಿ ಮಡಿಕೆಯನ್ನು ಡಬ್ಬಿಯ ಮೂಗಿಗೇ ಹಿಡಿದು ಟವೆಲ್ಲಿನಿಂದ ಬೀಸಿದ. ಲೋಬಾನವೂ ಹೊಗೆಯೇ ಎಂದು ಅವನಿಗೆ ಹುಟ್ಟಿದಾಗಿನಿಂದ ಅನ್ನಿಸಿರಲಿಲ್ಲ.

ನೂರಾ ನಲವತ್ತು. ಇನ್ನೂರಾ ಅರವತ್ತು. ಮುನ್ನೂರಾ ತೊಂಬತ್ತು. ಡಬ್ಬಿ ಕೆಂಪಗೆ ಮಿನುಗತೊಡಗಿತು.

“ಲೇ ಅಂಬ್ರ್ಯಾ! ಏನ್ ಮಾಡಿದಿಲೇ?” ಮೌನಪ್ಪ ಕೂಗಿದ.

“ಪೂಜಿ ಅಣ್ಣಾ...”

“ಪೂಜಿ ಅಲ್ಲಲೇ ಅದು, ನಮ್ಮ ತಿಥಿ!”

ಕರೆಮ್ಮ ಸೊಂಟಕ್ಕೆ ಕೈಯಿಟ್ಟಳು. “ದೇವ್ರ ಹೊಗಿ ಅದು! ದೇವ್ರ ಹೊಗಿನೂ ಎಣಸ್ತದೇನ್ರಿ ಮೇಡಂ ಈ ಡಬ್ಬಿ?”

“ಅದಕ್ಕ ದೇವ್ರು ಗೊತ್ತಿಲ್ಲವ್ವಾ, ಬರೀ ಹೊಗಿ ಗೊತ್ತದ” ಎಂದು ಕಂಬದ ಬಳಿ ನಿಂತಿದ್ದ ಶಿವರಂಜನಿ ಗಡಿಯಾರ ನೋಡಿದರು. “ಇನ್ನ ಹನ್ನೊಂದು ನಿಮಿಷ ಅದ.”

ಕೆಂಡಕ್ಕೆ ನೀರು ಬಿತ್ತು. ಟವೆಲ್ಲು, ಮೊರ, ಛತ್ರಿ, ಸೀರೆಯ ಸೆರಗು, ಸಿಕ್ಕಿದ್ದರಲ್ಲೆಲ್ಲ ಬಜಾರೇ ಬೀಸತೊಡಗಿತು. ಚಾಂದಪಾಶಾ ಬಳೆಯ ರಟ್ಟುಗಳನ್ನೇ ಹರಿದು ಬೀಸಿದ. ಆ ಗಾಳಿಯ ರಭಸಕ್ಕೆ ಎರಡು ಪಾರಿವಾಳಗಳು ಹಿಂದುಮುಂದಾಗಿ ಹಾರಿದವು. ಯಾರದೋ ಲುಂಗಿ ಸುರಪುರದ ರಸ್ತೆ ಹಿಡಿಯಿತು. ಮುನ್ನೂರು. ಇನ್ನೂರು. ನೂರಾ ಮೂವತ್ತು. ನೂರಾ ಐದು.

ಅಲ್ಲಿಗೆ ನಿಂತಿತು. ಎಷ್ಟು ಬೀಸಿದರೂ ನೂರಾ ಐದು. ಉಳಿದದ್ದು ನಾಲ್ಕು ನಿಮಿಷ. ಜನ ಸೋತು ಕೈ ಇಳಿಸಿದರು. ಬಜಾರು ಸುಮ್ಮನಾದಾಗ ಆ ಸದ್ದು ಅಂಬ್ರಪ್ಪನ ಕಿವಿಗೆ ಬಿತ್ತು: ಡುಗುಡುಗು, ಡುಗುಡುಗು.

ಕಂಬದ ಬುಡದಲ್ಲಿ, ಪೂಜೆಗೆಂದು ಅವನೇ ತಂದು ನಿಲ್ಲಿಸಿದ್ದ ಅವನದೇ ಟಂಟಂ. ಸೆಲ್ಫ್ ಸ್ಟಾರ್ಟರ್ ಕೆಟ್ಟು ವರ್ಷವಾಗಿತ್ತು. ಒಮ್ಮೆ ಆರಿದರೆ ಆರು ಮಂದಿ ನೂಕಬೇಕು. ಅದಕ್ಕೇ ಬೆಳಿಗ್ಗೆ ಚಾಲೂ ಮಾಡಿದರೆ ಮನೆ ಮುಟ್ಟುವ ತನಕ ಆರಿಸುತ್ತಿರಲಿಲ್ಲ. ಉಳಿದ ಹನ್ನೊಂದು ಗಾಡಿಗಳೂ ಓಡಾಟ ಮುಗಿಸಿ ಆರಿ ನಿಂತಿದ್ದವು.

ಅಂಬ್ರಪ್ಪ ಕೀಲಿಯತ್ತ ಕೈ ಚಾಚಿ ಹಿಂದೆಗೆದ. ಆರಿಸಿದ ಮೇಲೆ ಅಂಕಿ ಇಳಿದರೆ, ಹೊಗೆ ಯಾರದೆಂದು ಇಡೀ ಬಜಾರಿಗೆ ಗೊತ್ತಾಗುತ್ತದೆ. ಕರೆಮ್ಮ ಪಕ್ಕಕ್ಕೆ ಬಂದು ಮೆಲ್ಲಗೆ ಕೇಳಿದಳು.

“ಏನು ನೋಡಕೋತ ನಿಂತೀರಿ? ಆರಸ್ರಿ.”

“ಆರಸಿದ್ರ ನಂದೊಂದು ಹೊರಗ ಬೀಳ್ತದ.”

“ಆರಸದಿದ್ರ ಹನ್ನೆರಡೂ ಬೀಳ್ತಾವ.”

ಎರಡು ನಿಮಿಷ. ಅಂಬ್ರಪ್ಪ ಒಳಗೆ ಕೈ ಹಾಕಿ ಇಂಜಿನ್ ಆರಿಸಿದ. ಗಾಡಿ ಮೂರು ಸಲ ಕುಲುಕಿ, ಕೆಮ್ಮಿ, ತಣ್ಣಗಾಯಿತು. ನೂರಾ ಮೂರು. ನೂರು. ಶಿವರಂಜನಿ ಗಡಿಯಾರದಿಂದ ಕಣ್ಣು ಕೀಳಲಿಲ್ಲ. ನೂರು. ಇನ್ನೂ ನೂರೇ. ಮುಳ್ಳು ಹನ್ನೆರಡನ್ನು ಮುಟ್ಟುವಾಗ ಡಬ್ಬಿ ತೊಂಬತ್ತೇಳಕ್ಕೆ ಬಂತು.

ಬಜಾರು ಕೂಗಿದ ಕೂಗಿಗೆ ಅಂಗಡಿಯ ಬಳೆಗಳೆಲ್ಲ ಗಲಗಲ ಎಂದವು. ಮೌನಪ್ಪ ಕುಣಿಯತೊಡಗಿದ. ಶಿವರಂಜನಿ ಮಾತ್ರ ನೇರ ಟಂಟಂ ಹತ್ತಿರ ಬಂದರು. ಅವರು ಬಾಯಿ ತೆರೆಯುವ ಮೊದಲೇ ಅಂಬ್ರಪ್ಪ ಹೇಳಿದ: “ಹೊಗಿ ನಂದೇ ರಿ ಮೇಡಂ. ಹನ್ನೊಂದು ಒಳಗ ಬಿಡ್ರಿ. ಇದು ಹೊರಗ.”

ಮೌನಪ್ಪನ ಕುಣಿತ ನಿಂತಿತು. “ಯಾಕಲೇ? ಹನ್ನೆರಡು ಅಂತ ಮಾತಾಗ್ಯಾದ!”

“ಕಣ್ಣಾರೆ ನೋಡಿದಿ ಇಲ್ಲೋ ಅಣ್ಣಾ? ಚಾಂದಪಾಶಾ ಎದುರಿಗೆ ಇದನ್ನ ಹ್ಯಾಂಗ ನಿಲ್ಲಿಸಲಿ? ನಾ ದೋರನಹಳ್ಳಿಯಿಂದ ಗೇಟಿನ ತನಕ ತರ್ತೀನಿ. ಅಲ್ಲಿಂದ ನನ್ನ ಮಂದೀನ ನೀವು ಹತ್ತಿಸಿಕೊಳ್ರಿ. ಯಾರೂ ಚೀಲ ಹೊರಬಾರದು, ಅಷ್ಟೇ.”

ಮೌನಪ್ಪ ಟವೆಲ್ಲು ಹೆಗಲಿಗೇರಿಸಿದ. “ಆತು ತಗೋ. ಬರ್ರಿಲೇ, ನೂಕ್ರಿ!”

ಹನ್ನೊಂದು ಡ್ರೈವರುಗಳು ಹೆಗಲು ಕೊಟ್ಟರು. ಗೇಟು ದಾಟಿದ್ದೇ ತಡ, ಇಂಜಿನ್ ಹತ್ತಿಕೊಂಡು ಎಮ್ಮೆಯಷ್ಟು ಕಪ್ಪು ಹೊಗೆ ಉಗುಳಿತು. ನೂಕಿದವರೆಲ್ಲ ಕೆಮ್ಮಿ ಚದುರಿದರು. ಕರೆಮ್ಮ ಸೆರಗಿನಿಂದ ಮೂಗು ಮುಚ್ಚಿ ಹಿಂದಿನಿಂದ ಕೂಗಿದಳು:

“ಅಲ್ಲೇ ನಿಲ್ಲಿಸಬ್ಯಾಡ್ರಿ, ಇನ್ನೊಂದೀಟು ದೂರ ಹೊಡೀರಿ! ಡಬ್ಬಿಗೆ ವಾಸನಿ ಬಡೀತದ!”