ಎರಡಂಕಿಯ ವೇಗ

"ಕೂತ್ಕೊಳ್ಳೋ, ನೆಲ ಸವೆದು ಹೋಗುತ್ತೆ!" ಅಂತ ನನ್ನ ತಮ್ಮನಿಗೆ ಬೆಳಿಗ್ಗೆಯಿಂದ ಎಷ್ಟು ಸಲ ಹೇಳಿದೆನೋ. ನನ್ನ ಕಂಪ್ಯೂಟರ್ ರಿಪೇರಿ ಅಂಗಡಿ ಇರುವುದೇ ಆರು ಹೆಜ್ಜೆ ಉದ್ದ. ಅದರಲ್ಲೇ ಹೋಗ್ತಾನೆ, ಬರ್ತಾನೆ, ಗಡಿಯಾರ ನೋಡ್ತಾನೆ. ಅವನ ಚಪ್ಪಲಿ ಸದ್ದಿಗೇ ನನಗೆ ತಲೆ ಕೆಟ್ಟು ಹೋಗಿತ್ತು.

ಅವನು ಪಾರ್ಸೆಲ್ ವ್ಯಾನ್ ಓಡಿಸುತ್ತಾನೆ. ಹೋದ ವಾರ ಊರಾಚೆಯ ಹೆದ್ದಾರಿಯಲ್ಲಿ ಸೈಕಲ್ ಮೇಲಿದ್ದ ಹೆಂಗಸಿಗೆ ಗುದ್ದಿದ್ದ. ಪಾಪ, ಕಾಲು ಮುರಿದುಕೊಂಡು ಆಸ್ಪತ್ರೆಯಲ್ಲಿದ್ದಾಳೆ. "ನಾನು ನಿಧಾನಕ್ಕೇ ಹೋಗ್ತಿದ್ದೆ, ಅವರೇ ಅಡ್ಡ ಬಂದ್ರು" ಅಂತ ಇವನ ಹೇಳಿಕೆ. ಇವತ್ತು ಹನ್ನೊಂದು ಗಂಟೆಗೆ ಕಂಪನಿಯಲ್ಲಿ ವಿಚಾರಣೆ. ವೇಗ ಜಾಸ್ತಿ ಇತ್ತು ಅಂತಾದರೆ ಕೆಲಸವೂ ಹೋಯಿತು, ಲೈಸೆನ್ಸೂ ಹೋಯಿತು. ವ್ಯಾನಿನಲ್ಲಿ ವೇಗ ದಾಖಲಿಸುವ ಪೆಟ್ಟಿಗೆಯ ಫೈಲು ಅವರ ಸಾಫ್ಟ್‌ವೇರಿನಲ್ಲಿ ತೆರೆಯಲೇ ಇಲ್ಲವಂತೆ. ಮ್ಯಾನೇಜರು ಅದನ್ನು ಪೆನ್‌ಡ್ರೈವಿಗೆ ಹಾಕಿ, "ನಿಮ್ಮಕ್ಕ ಇಂಥದ್ದನ್ನೆಲ್ಲ ತೆಗೀತಾರಲ್ಲ, ತೆಗೆಸಿಕೊಂಡು ಬಾ" ಅಂದಿದ್ದರು.

ತೆರೆದರೆ ಬರೀ ಕಸ. ಬೈನರಿ ಫೈಲು ಅಂದರೆ ಹಾಗೇ, ಮೆಷಿನ್ನಿಗಷ್ಟೇ ಅರ್ಥವಾಗುವ ಗೀಚು. ಆದರೆ ನಡುವೆ ಅಲ್ಲಲ್ಲಿ ನಾವು ಓದುವಂಥ ಅಕ್ಷರಗಳೂ ಸಿಕ್ಕಿಕೊಂಡಿರುತ್ತವೆ. ಕಪ್ಪು ಪರದೆಯಲ್ಲಿ ಒಂದು ಸಾಲು ಕಮಾಂಡ್ ಹೊಡೆದು ಅಷ್ಟನ್ನೇ ಜರಡಿ ಹಿಡಿದೆ. ಸಮಯ, ಪಕ್ಕದಲ್ಲಿ ವೇಗ, ಮತ್ತೆ ಸಮಯ, ಮತ್ತೆ ವೇಗ. ಆ ನಮೂನೆ ಬರೆದುಕೊಟ್ಟು, ಇದಕ್ಕೆ ಹೊಂದುವುದನ್ನಷ್ಟೇ ಕತ್ತರಿಸಿ ಕೊಡು ಅಂತ ಗ್ರೆಪ್ ಅನ್ನುವ ಹುಡುಕುವ ಕಮಾಂಡಿಗೆ ಹೇಳಿದೆ.

ಗುದ್ದಿದ್ದು ಒಂಬತ್ತು ಗಂಟೆ ಹದಿನೇಳು ನಿಮಿಷಕ್ಕೆ. ಆ ಸಾಲಿಗೇ ನೇರ ಹೋದೆ. ವೇಗ, ಹತ್ತು!

"ಹತ್ತು ಕಣೋ! ಬರೀ ಹತ್ತು! ಎತ್ತಿನ ಗಾಡಿ ಓಡಿಸ್ತಿದ್ಯೇನೋ?" ಹೋದ ಜೀವ ಬಂದಂತಾಯಿತು. ಅವನ ಬೆನ್ನಿಗೊಂದು ಗುದ್ದಿದೆ. ಅವನು ನಗಲಿಲ್ಲ, ಬೆಪ್ಪನ ಹಾಗೆ ಪರದೆಯನ್ನೇ ನೋಡಿದ. ಕೊನೆಗೂ ಸ್ಟೂಲಿನ ಮೇಲೆ ಕೂತ.

ಪೂರ್ತಿ ಪಟ್ಟಿ ಪ್ರಿಂಟ್ ತೆಗೆದು, ಪುಟ ಜೋಡಿಸಿ ಅವನ ತೊಡೆಯ ಮೇಲಿಡುವಾಗ ಸುಮ್ಮನೆ ಕಣ್ಣಾಡಿಸಿದೆ. ತೊಂಬತ್ತೊಂದು, ತೊಂಬತ್ತೈದು, ತೊಂಬತ್ತೊಂಬತ್ತು, ಹತ್ತು, ಹತ್ತು, ಹತ್ತು.

ತೊಂಬತ್ತೊಂಬತ್ತರಲ್ಲಿದ್ದ ವ್ಯಾನು ಒಂದೇ ಸೆಕೆಂಡಿಗೆ ಹತ್ತಕ್ಕೆ ಇಳಿಯುತ್ತಾ? ನಮೂನೆಯನ್ನು ಮತ್ತೆ ನೋಡಿದೆ. ವೇಗಕ್ಕೆ ಎರಡೇ ಅಂಕಿ ಬರೆದಿದ್ದೆ. ನನ್ನ ಬುದ್ಧಿಗಿಷ್ಟು! ಇವನ ಡಕೋಟ ವ್ಯಾನು ಎಲ್ಲಿ ನೂರು ದಾಟುತ್ತೆ ಅಂದುಕೊಂಡಿದ್ದೆ. ಗ್ರೆಪ್ ಹೇಳಿದಷ್ಟೇ ಮಾಡುತ್ತೆ. ಎರಡು ಅಂಕಿ ಕತ್ತರಿಸಿ ಕೊಟ್ಟು ಮೂರನೆಯದನ್ನು ಬಿಟ್ಟಿತ್ತು.

ಮೂರಂಕಿಗೂ ಜಾಗ ಕೊಟ್ಟು ಮತ್ತೆ ಹೊಡೆದೆ. ನೂರೊಂದು, ನೂರಮೂರು, ನೂರನಾಲ್ಕು. ನೂರನಾಲ್ಕರಲ್ಲಿ ಆ ಹೆಂಗಸಿಗೆ ಗುದ್ದಿದ್ದ.

ಹತ್ತೂಕಾಲು ಆಗಿತ್ತು. ಹಳೇ ಪ್ರಿಂಟು ಅವನ ತೊಡೆಯ ಮೇಲಿತ್ತು. ನಾನು ಬಾಯಿ ಬಿಡದಿದ್ದರೆ ಅದನ್ನು ಪ್ರಶ್ನಿಸುವವರು ಯಾರೂ ಇರಲಿಲ್ಲ. ಆಸೆಯಾಯಿತು, ಸುಳ್ಳು ಯಾಕೆ ಹೇಳಲಿ. ನಾನೇ ಎತ್ತಿ ಆಡಿಸಿದ ತಮ್ಮ. ಅದರ ಬೆನ್ನಿಗೇ ಅವನ ಮೇಲೆ ಮೈಯೆಲ್ಲ ಉರಿಯಿತು.

"ಇಲ್ಲಿ ಬಾ," ಅಂದೆ. "ನೋಡು."

ಬಂದು ನೋಡಿದ. ನಾನು ಬೈಯಲು ಬಾಯಿ ತೆರೆದಿದ್ದೆ, ಅಷ್ಟರಲ್ಲಿ ಅವನೇ ಮಾತಾಡಿದ.

"ನಂಗೆ ಆವತ್ತೇ ಗೊತ್ತಿತ್ತಕ್ಕಾ. ಮೀಟರ್ ನೋಡಿದ್ದೆ." ತಲೆ ಎತ್ತಲಿಲ್ಲ. "ಆದ್ರೆ ನೀನು ಹತ್ತು ಅಂದಾಗ, ಒಂದು ನಿಮಿಷ ನಂಗೂ ಹತ್ತೇ ಇತ್ತು ಅನ್ನಿಸ್ಬಿಡ್ತು. ಎಷ್ಟು ಹಾಯಾಗಿತ್ತು ಗೊತ್ತಾ."

ಬೈಯುವ ಬದಲು ಅತ್ತುಬಿಟ್ಟೆ.

ಅವನು ಹಳೇ ಹಾಳೆಗಳನ್ನು ಹರಿದು ಬುಟ್ಟಿಗೆ ಹಾಕಿದ. "ಸರಿಯಾಗಿರೋದನ್ನ ಪ್ರಿಂಟ್ ಹಾಕು," ಅಂದ. "ನಾನೇ ಕೊಡ್ತೀನಿ. ಹೊತ್ತಾಯ್ತು."