ಡೆಲ್ಮರ್‌ನ ಪಿಸ್ತೂಲು

ಗಂಡ ರಸೆಲ್ ತೀರಿಕೊಂಡ ಮೇಲೆ ಹರಿಣಿ ಗ್ಯಾರೇಜಿನ ಕಡೆ ತಲೆ ಹಾಕಿರಲಿಲ್ಲ. ಅದು ಅವನ ರಾಜ್ಯ. ಕಲ್ವರ್ ಸಿಟಿಯ ಸಿನಿಮಾ ಸ್ಟುಡಿಯೋಗಳಲ್ಲಿ ಸೆಟ್ ಕಟ್ಟುವ ಬಡಗಿಯಾಗಿ ಆಯುಷ್ಯ ಕಳೆದವನು ಅವನು. ಉಳಿ, ಗರಗಸ, ಅರ್ಧಕ್ಕೆ ನಿಂತ ಕುರ್ಚಿ ಎಲ್ಲವೂ ಅವನು ಬಿಟ್ಟು ಹೋದ ಹಾಗೆಯೇ ಇದ್ದವು. ೨೦೨೩ರ ಮಾರ್ಚಿನಲ್ಲಿ ಲಾಸ್ ಏಂಜಲೀಸ್‌ನಲ್ಲಿ ಎಂದೂ ಇಲ್ಲದ ಮಳೆ ಹಿಡಿದು ಗ್ಯಾರೇಜಿನ ಮಾಡು ಸೋರತೊಡಗಿದಾಗ ವಿಧಿಯಿಲ್ಲದೆ ಬಾಗಿಲು ತೆಗೆದಳು. ನೆನೆದ ಡಬ್ಬಿಗಳನ್ನು ಒಂದೊಂದಾಗಿ ಒಣ ಮೂಲೆಗೆ ಸರಿಸುವಾಗ, ಮೊಳೆಗಳ ಡಬ್ಬಿಯ ಹಿಂದೆ, ಎಣ್ಣೆ ಬಟ್ಟೆಯಲ್ಲಿ ಸುತ್ತಿದ್ದ ಪಿಸ್ತೂಲು ಸಿಕ್ಕಿತು.

ಅದನ್ನು ಅವಳು ಕಣ್ಣಾರೆ ನೋಡಿದ್ದು ಅದೇ ಮೊದಲು. ಕತೆ ಮಾತ್ರ ಗೊತ್ತಿತ್ತು. ಅವಳ ಮಾವ ವರ್ನನ್, ರಸೆಲ್‌ನ ಅಪ್ಪ, ಎರಡನೇ ಮಹಾಯುದ್ಧದಲ್ಲಿ ಒಕಿನಾವಾ ದ್ವೀಪದಲ್ಲಿದ್ದವನು. ಎಂಟು ವರ್ಷದ ರಸೆಲ್ ಒಮ್ಮೆ ಇದೇನೆಂದು ಕೇಳಿದ್ದಕ್ಕೆ, ಗುಹೆಯೊಂದರಲ್ಲಿ ಜಪಾನಿ ಅಧಿಕಾರಿಯ ಕತ್ತು ಹಿಸುಕಿ ಕೊಂದು ಕಿತ್ತುಕೊಂಡದ್ದು ಎಂದು ಹೇಳಿದ್ದನಂತೆ. ಅಂದಿನಿಂದ ರಸೆಲ್ ಊಟದ ಮೇಜಿನಲ್ಲಿ ಅಪ್ಪನ ಮುಖ ನೋಡುವುದನ್ನು ಬಿಟ್ಟು ಕೈಗಳನ್ನೇ ನೋಡುತ್ತಿದ್ದ. ಆ ಕೈಗಳು ಅವನನ್ನು ಎಂದೂ ಎತ್ತಿಕೊಂಡಿರಲಿಲ್ಲ, ತಲೆ ಸವರಿರಲಿಲ್ಲ. ಜ್ವರ ಬಂದಾಗ ಅಪ್ಪ ಕೋಣೆಯ ಬಾಗಿಲಲ್ಲೇ ನಿಂತು ವಿಚಾರಿಸಿ ಹೋಗುತ್ತಿದ್ದ. ಕೊಂದ ಕೈಗೆ ಮುದ್ದು ಮಾಡಲು ಬರುವುದಿಲ್ಲ ಎಂದು ಹುಡುಗ ತೀರ್ಮಾನಿಸಿಕೊಂಡ. ಮದುವೆಯಾದ ಹೊಸದರಲ್ಲಿ ಇದನ್ನೆಲ್ಲ ಹರಿಣಿಗೆ ಹೇಳುವಾಗ ಅವನು ನಕ್ಕಿದ್ದ. ಅಪ್ಪ ಸತ್ತ ದಿನ ನನಗೆ ಅಳು ಬರಲಿಲ್ಲ ಎಂದೂ ಹೇಳಿದ್ದ. ಹಾಗಿದ್ದ ಮೇಲೆ ಆ ಪಿಸ್ತೂಲನ್ನು ಯಾಕೆ ಇಟ್ಟುಕೊಂಡಿದ್ದೀಯ ಎಂದು ಕೇಳಿದರೆ ಮಾತು ಬೇರೆ ಕಡೆ ತಿರುಗಿಸಿದ್ದ.

ಹರಿಣಿ ಎಲ್ ಸೆಗುಂಡೋದ ಕಂಪನಿಯೊಂದರಲ್ಲಿ ಉಪಗ್ರಹಗಳ ಆಂಟೆನಾ ಪರೀಕ್ಷಿಸುವ ಎಂಜಿನಿಯರು. ರಿಟೈರ್ ಆಗುವ ವಯಸ್ಸು ಹತ್ತಿರ ಬಂದಿದ್ದರೂ ಮನೆಯಲ್ಲಿ ಕೂತು ಏನು ಮಾಡುವುದೆಂದು ಕೆಲಸ ಬಿಟ್ಟಿರಲಿಲ್ಲ. ಮಕ್ಕಳಿಲ್ಲ. ಬೆಂಗಳೂರಿನಲ್ಲಿ ಅಣ್ಣ ಉದಯಶಂಕರ ಇದ್ದಾನೆ. ತನಗಿಂತ ಹನ್ನೆರಡು ವರ್ಷ ದೊಡ್ಡವನಾದ ಬಿಳಿಯನನ್ನು ಅವಳು ಮದುವೆಯಾದ ಮೇಲೆ ಹಬ್ಬಕ್ಕೊಂದು ಮೆಸೇಜಿನಷ್ಟೇ ಅವನ ಬಳಕೆ. ಹೀಗಾಗಿ ಪಿಸ್ತೂಲಿನ ವಿಷಯ ಹೇಳಿಕೊಳ್ಳಲು ಅವಳಿಗೆ ಹೊಳೆದವನು ಆಫೀಸಿನ ಮುಖ್ತಾರ್ ಒಬ್ಬನೇ. ಮೈಸೂರಿನವನು, ಭಾನುವಾರಗಳಲ್ಲಿ ಶೂಟಿಂಗ್ ರೇಂಜಿಗೆ ಹೋಗುವ ಹವ್ಯಾಸದವನು. ವಿಷಯ ಕೇಳಿದವನೇ, ಅದನ್ನು ಮುಟ್ಟಬೇಡಿ, ನಾನೇ ಬರುತ್ತೇನೆ ಎಂದ. ಶನಿವಾರ ಬಂದ. ರಂಜಾನ್ ಉಪವಾಸದಲ್ಲಿದ್ದದ್ದರಿಂದ ನೀರೂ ಬೇಡವೆಂದು ಹೇಳಿ ಅಡುಗೆಮನೆಯ ಮೇಜಿನ ಮೇಲೆ ಟವೆಲ್ ಹಾಸಿ ಕೂತ.

"ಲೋಡ್ ಆಗಿಲ್ಲ ಮ್ಯಾಡಂ. ಮೊದಲು ಅದನ್ನ ಹೇಳ್ಬಿಡ್ತೀನಿ, ನೀವು ಉಸಿರು ಬಿಡಿ," ಎಂದ.

ಆಮೇಲೆ ಕನ್ನಡಕ ಏರಿಸಿ ಪಿಸ್ತೂಲಿನ ಮೈಮೇಲಿನ ಗುರುತುಗಳನ್ನು ಓದಿದ. ಹದಿನೆಂಟು, ಚುಕ್ಕೆ, ಆರು ಎಂದಿತ್ತು. ಅಂದಿನ ಜಪಾನಿ ಚಕ್ರವರ್ತಿಯ ಆಳ್ವಿಕೆಯ ಹದಿನೆಂಟನೇ ವರ್ಷದ ಆರನೇ ತಿಂಗಳು, ಅಂದರೆ ೧೯೪೩ರ ಜೂನ್. ತಯಾರಾದದ್ದು ನಗೋಯಾದಲ್ಲಿ ಎಂದು ವಿವರಿಸಿದ. ಅವನ ತಾತ ಮೈಸೂರು ಪಡೆಯ ಸಿಪಾಯಿಯಾಗಿ ಸಿಂಗಾಪುರಕ್ಕೆ ಹೋಗಿ ಜಪಾನಿಯರ ಕೈಗೆ ಸೆರೆ ಸಿಕ್ಕಿದ್ದರಂತೆ. ಇಂಥದ್ದನ್ನು ತಾತ ನೋಡಿರಬೇಕು ಎಂದ. ಹಿಡಿಯ ಮರವನ್ನು ಬಟ್ಟೆಯಿಂದ ಒರೆಸುತ್ತಿದ್ದವನು ತಟ್ಟನೆ ಕೈ ನಿಲ್ಲಿಸಿ ಅದನ್ನು ಕಿಟಕಿಯ ಬೆಳಕಿಗೆ ಹಿಡಿದ.

"ಡೆಲ್ಮರ್ ಅಂದ್ರೆ ಯಾರು?"

"ಗೊತ್ತಿಲ್ಲ. ನಮ್ಮ ಮಾವನ ಹೆಸರು ವರ್ನನ್."

"ಇಲ್ಲಿ ಚಾಕುವಿಂದ ಕೊರೆದಿದಾರೆ ನೋಡಿ. ಹಡಗಲ್ಲಿ ಕದ್ದುಬಿಡ್ತಾರೆ ಅಂತ ಸೋಲ್ಜರ್ಸು ತಮಗೆ ಸಿಕ್ಕಿದ್ದರ ಮೇಲೆ ಹೆಸರು ಹಾಕ್ಕೊಳ್ತಿದ್ರು. ಇದನ್ನ ಮೊದಲು ಕಿತ್ಕೊಂಡೋರು ನಿಮ್ಮ ಮಾವ ಅಲ್ಲ ಅನ್ಸತ್ತೆ ಮ್ಯಾಡಂ."

ಮುಖ್ತಾರ್ ಹೋದ ಮೇಲೆ ಹರಿಣಿಗೆ ಸಿಟ್ಟು ಬಂತು. ಕಂಡೇ ಇರದ ಮಾವನ ಮೇಲೆ ಬಂದ ಸಿಟ್ಟು. ಯಾವುದೋ ಸುಳ್ಳು ಕತೆ ಹೇಳಿ ಎಂಟು ವರ್ಷದ ಮಗುವನ್ನು ಹೆದರಿಸಿದನಲ್ಲ, ಆ ಹೆದರಿಕೆಯನ್ನು ರಸೆಲ್ ಎಪ್ಪತ್ತರವರೆಗೂ ಹೊತ್ತನಲ್ಲ ಎಂದುಕೊಂಡಳು. ನಿಜ ತಿಳಿಯದೆ ಪಿಸ್ತೂಲನ್ನು ಮನೆಯಿಂದ ಆಚೆ ಕಳಿಸಬಾರದು ಅನ್ನಿಸಿತು.

ಕೇಳುವುದಾದರೂ ಯಾರನ್ನು? ಯೋಚಿಸಿದಾಗ ಒಬ್ಬ ಮುದುಕನ ಹಣೆ ನೆನಪಾಯಿತು. ೨೦೨೧ರ ಜನವರಿಯಲ್ಲಿ ಕೊರೋನಾದಿಂದ ರಸೆಲ್ ಹೋದಾಗ ಶ್ರದ್ಧಾಂಜಲಿ ನಡೆದದ್ದು ಜೂಮ್‌ನಲ್ಲಿ. ಅದರ ಒಂದು ಚೌಕದಲ್ಲಿ ಬರೀ ಹಣೆ ಮತ್ತು ಬಿಳಿ ಕೂದಲು ಕಾಣುತ್ತಿತ್ತು. ನಾನು ಇವನ ಅಪ್ಪನ ಜೊತೆ ಒಕಿನಾವಾದಲ್ಲಿದ್ದೆ ಎಂದಷ್ಟೇ ಆ ಹಣೆ ಹೇಳಿತ್ತು. ಆ ದಿನದ ಆಹ್ವಾನಿತರ ಪಟ್ಟಿ ಹುಡುಕಿ ವಿಳಾಸ ಪತ್ತೆ ಮಾಡಿದಳು: ಹೆಸರು ಎಲ್ಡನ್, ಸ್ಯಾನ್ ಡಿಯೆಗೋ ಹತ್ತಿರದ ಲಾ ಮೇಸಾದಲ್ಲಿ ಮಗಳು ಮಾರ್ಲೀನ್ ಜೊತೆ ವಾಸ. ಹರಿಣಿ ಫೋನ್ ಮಾಡಿದಾಗ ಮಾರ್ಲೀನ್ ಅಚ್ಚರಿಪಟ್ಟಳು. ಅಪ್ಪನಿಗೆ ತೊಂಬತ್ತೇಳು, ಬೆಳಗಿನ ಹೊತ್ತು ತಲೆ ನೆಟ್ಟಗಿರುತ್ತದೆ, ಬೇಗ ಬನ್ನಿ ಎಂದಳು.

ಹರಿಣಿ ಪಿಸ್ತೂಲಿನ ಫೋಟೋಗಳನ್ನಷ್ಟೇ ತೆಗೆದುಕೊಂಡು ಮುಂದಿನ ಭಾನುವಾರ ಹೊರಟಳು. ಈ ದಾರಿಯಲ್ಲಿ ಯಾವಾಗಲೂ ರಸೆಲ್ ಡ್ರೈವ್ ಮಾಡುತ್ತಿದ್ದ. ಅವಳು ಪಕ್ಕದಲ್ಲಿ ಕೂತು ಸಮುದ್ರ ನೋಡುತ್ತಿದ್ದಳು. ಈಗ ಸಮುದ್ರ ಬಲಗಡೆ ಬಂದದ್ದೂ ಹೋದದ್ದೂ ಗೊತ್ತಾಗಲಿಲ್ಲ. ಕ್ಯಾಂಪ್ ಪೆಂಡಲ್ಟನ್ ಸೈನಿಕ ನೆಲೆಯ ಗುಡ್ಡಗಳು ಮಳೆಗೆ ಹಸಿರಾಗಿದ್ದವು.

ಎಲ್ಡನ್ ಕಿಟಕಿಯ ಹತ್ತಿರ ಕುರ್ಚಿಯಲ್ಲಿ ಶಾಲು ಹೊದ್ದು ಕೂತಿದ್ದರು. ಮಾರ್ಲೀನ್ ಕಾಫಿ ಕೊಟ್ಟು, ನೀವು ಮಾತಾಡುತ್ತಿರಿ, ಅಪ್ಪನ ಮಾತ್ರೆ ತಂದುಬಿಡುತ್ತೇನೆ ಎಂದು ಅಂಗಡಿಗೆ ಹೋದಳು. ಹರಿಣಿ ಫೋಟೋ ತೋರಿಸಿ, ಗುಹೆಯ ಕತೆಯನ್ನು ರಸೆಲ್ ಹೇಳಿದ ಹಾಗೆಯೇ ಹೇಳಿದಳು. ಮುದುಕರು ಕಣ್ಣು ಮುಚ್ಚಿಕೊಂಡು ಕೇಳಿದರು.

"ವರ್ನನ್ ಯಾರನ್ನೂ ಕೊಲ್ಲಲಿಲ್ಲ," ಎಂದರು. "ನಾನೂ ಕೊಲ್ಲಲಿಲ್ಲ. ನಮ್ಮ ಕೆಲಸ ಅದಲ್ಲ. ಸತ್ತೋರನ್ನ ಎತ್ತಿ ತರೋದು ನಮ್ಮ ಕೆಲಸ."

ಆಮೇಲೆ ಬಿಟ್ಟು ಬಿಟ್ಟು, ನಡುನಡುವೆ ದಣಿದು, ಎಲ್ಲವನ್ನೂ ಹೇಳಿದರು. ಒಕಿನಾವಾದಲ್ಲಿ ಮೇ ತಿಂಗಳಿಡೀ ಮಳೆ. ಹೆಣಗಳು ಕೆಸರಲ್ಲಿ ಹೂತುಹೋಗುತ್ತಿದ್ದವು. ಇಬ್ಬರೂ ಸ್ಟ್ರೆಚರ್ ಹಿಡಿದು ಹೋಗಿ ಹೊತ್ತು ತರುತ್ತಿದ್ದರು. ಕತ್ತಿನ ಗುರುತಿನ ಬಿಲ್ಲೆ ನೋಡಿ ಹೆಸರು ಹೇಳುತ್ತಿದ್ದರು. ಜೇಬು ಖಾಲಿ ಮಾಡಿ ಮನೆಗೆ ಕಳಿಸಬೇಕಾದದ್ದನ್ನು ಒಂದು ಚೀಲಕ್ಕೆ ಹಾಕುತ್ತಿದ್ದರು. ತಾಯಂದಿರು ನೋಡಬಾರದಂಥ ಚಿತ್ರಗಿತ್ರ ಇದ್ದರೆ ಸುಟ್ಟುಬಿಡುತ್ತಿದ್ದರು. ಒಂದು ದಿನ ಟಾರ್ಪಾಲು ಸರಿಸಿ ನೋಡಿದರೆ ಡೆಲ್ಮರ್. ಬೇಕರ್ಸ್‌ಫೀಲ್ಡಿನ ಹುಡುಗ. ಹಡಗಿನಲ್ಲಿ ಬರುವಾಗ ವರ್ನನ್‌ನ ಮಂಚದ ಮೇಲಿನ ಮಂಚ ಅವನದು, ದಾರಿಯುದ್ದಕ್ಕೂ ಹಾಡಿ ನಿದ್ದೆ ಕೆಡಿಸಿದವನು. ಅವನ ಚೀಲದಲ್ಲಿತ್ತು ಈ ಪಿಸ್ತೂಲು. ಅವನಿಗೆ ಅದು ಎಲ್ಲಿ ಸಿಕ್ಕಿತೋ ಯಾರಿಗೂ ತಿಳಿಯದು. ಆಯುಧಗಳನ್ನು ಮನೆಗೆ ಕಳಿಸುವ ಪದ್ಧತಿ ಇರಲಿಲ್ಲ. ವರ್ನನ್ ಅದನ್ನು ತೆಗೆದಿಟ್ಟುಕೊಂಡ, ಅವನ ತಾಯಿಯ ಕೈಗೆ ನಾನೇ ಕೊಡುತ್ತೇನೆ ಎಂದ.

ಯುದ್ಧ ಮುಗಿದ ಮೇಲೆ ಇಬ್ಬರೂ ಬಸ್ಸು ಹತ್ತಿ ಬೇಕರ್ಸ್‌ಫೀಲ್ಡಿಗೆ ಹೋದರಂತೆ. ಡೆಲ್ಮರ್‌ನ ತಾಯಿ ಕೂರಿಸಿ ಊಟ ಹಾಕಿದಳು. ಮಗ ನರಳದೆ ಹೋದನೇ ಎಂದು ಕೇಳಿದಳು. ಹೌದು ಎಂದು ಇಬ್ಬರೂ ಒಟ್ಟಿಗೇ ಹೇಳಿದರು. ಕೊನೆಗೆ ವರ್ನನ್ ಸುತ್ತಿದ್ದ ಬಟ್ಟೆ ಬಿಚ್ಚಿ ಪಿಸ್ತೂಲನ್ನು ಮೇಜಿನ ಮೇಲಿಟ್ಟ.

"ಆಕೆ ಅದನ್ನ ಮುಟ್ಟಲಿಲ್ಲ," ಎಂದರು ಎಲ್ಡನ್. "'ನನ್ನ ಮಗ ಇದಕ್ಕೋಸ್ಕರ ಯಾರನ್ನೋ ಕೊಂದಿರಬೇಕು. ಆ ಯಾರಿಗೋ ಒಬ್ಬಳು ತಾಯಿ ಇರ್ತಾಳೆ. ತಗೊಂಡು ಹೋಗಿ' ಅಂದಳು. ವರ್ನನ್ ಅದನ್ನ ಮತ್ತೆ ಬಟ್ಟೇಲಿ ಸುತ್ತಿ ಎತ್ಕೊಂಡ."

ಹಾಗಾದರೆ ಮಗನಿಗೆ ಆ ಕತೆ ಯಾಕೆ ಹೇಳಿದ ಎಂದು ಹರಿಣಿ ಕೇಳಿದಳು. ಮಗು ಕೇಳಿದರೆ ಏನು ಹೇಳಬೇಕಿತ್ತು, ಹೆಣ ಹೊರುತ್ತಿದ್ದೆ ಎಂದೇ, ಎಂದರು ಅವರು. ಎಲ್ಲರ ಅಪ್ಪಂದಿರೂ ಯುದ್ಧದ ಕತೆ ಹೇಳುತ್ತಿದ್ದ ಕಾಲ ಅದು.

"ಅವರು ನನ್ನ ಗಂಡನ್ನ ಒಂದು ಸಲಾನೂ ಎತ್ಕೊಳ್ಳಲಿಲ್ಲವಂತೆ," ಎಂದಳು ಹರಿಣಿ. ಆಡಬೇಕೆಂದು ಬಂದ ಮಾತು ಇದಾಗಿರಲಿಲ್ಲ, ಬಾಯಿಂದ ಬಂದುಬಿಟ್ಟಿತು.

ಮುದುಕರು ತಮ್ಮ ಎರಡೂ ಅಂಗೈಗಳನ್ನು ತಿರುಗಿಸಿ ನೋಡಿಕೊಂಡರು.

"ಆ ವಾಸನೆ ಹೋಗಲ್ಲ. ಸೀಮೆಎಣ್ಣೆ ಹಾಕಿ ತಿಕ್ಕಿದ್ರೂ ಹೋಗಲ್ಲ. ಬೇರೆಯೋರಿಗೆ ಬರಲ್ಲ, ನಮಗೆ ಮಾತ್ರ ಬರತ್ತೆ. ಮಗ ಹುಟ್ಟಿದಾಗ ವರ್ನನ್ ನಂಗೆ ಫೋನ್ ಮಾಡಿದ್ದ. ನರ್ಸು ಮಗೂನ ಕೊಡೋಕೆ ಬಂದ್ಳು, ನಾನು ಕೈ ಹಿಂದೆ ಕಟ್ಕೊಂಡೆ, ಇಷ್ಟು ಚೊಕ್ಕ ಇರೋದನ್ನ ಈ ಕೈಯಲ್ಲಿ ಹ್ಯಾಗೆ ಮುಟ್ಟಲಿ ಅಂದ. ಆಸೆ ಇಲ್ದೆ ಅಲ್ಲಮ್ಮ. ಫೋನಲ್ಲಿ ಅಳ್ತಿದ್ದ."

ಮಾರ್ಲೀನ್ ಬರುವಷ್ಟರಲ್ಲಿ ಎಲ್ಡನ್ ನಿದ್ದೆ ಹೋಗಿದ್ದರು. ಹರಿಣಿ ಹೊರಡುವ ಮುನ್ನ ಶಾಲಿನ ಹೊರಗೆ ಬಿದ್ದಿದ್ದ ಅವರ ಕೈಯನ್ನು ಎರಡೂ ಕೈಗಳಿಂದ ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತಳು. ಅವರು ಎಚ್ಚರಗೊಳ್ಳಲಿಲ್ಲ.

ವಾಪಸು ಬರುವಾಗ ಸಮುದ್ರದಂಚಿನ ತಂಗುದಾಣದಲ್ಲಿ ಕಾರು ನಿಲ್ಲಿಸಿದಳು. ರಸೆಲ್ ಕೊನೆಯ ದಿನಗಳಲ್ಲಿ ಅವಳಿಗೆ ಕಂಡದ್ದು ನರ್ಸ್ ಹಿಡಿದ ಐಪ್ಯಾಡಿನಲ್ಲಿ. ಅವನ ಬೂದಿ ಪೆಟ್ಟಿಗೆಯಲ್ಲಿ ಮನೆಗೆ ಬಂತು. ನಡುವೆ ಅವನನ್ನು ಮಂಚದಿಂದ ಎತ್ತಿದವರಿದ್ದರು, ಚೀಲದಲ್ಲಿ ಮಲಗಿಸಿ ಜಿಪ್ ಎಳೆದವರಿದ್ದರು, ಶವಾಗಾರಗಳಲ್ಲಿ ಜಾಗವಿಲ್ಲದ ಆ ದಿನಗಳಲ್ಲಿ ಲಾರಿಗೆ ಹೊತ್ತವರಿದ್ದರು. ಇಷ್ಟು ದಿನ ಅವಳು ಅವರ ಬಗ್ಗೆ ಒಮ್ಮೆಯೂ ಯೋಚಿಸಿರಲಿಲ್ಲ. ಅವರೂ ಮನೆಗೆ ಹೋಗಿ ಮಕ್ಕಳ ಮುಂದೆ ಕೈ ಹಿಂದೆ ಕಟ್ಟಿಕೊಂಡು ನಿಂತರೋ ಏನೋ. ಹರಿಣಿ ಸ್ಟಿಯರಿಂಗಿಗೆ ಹಣೆಯಿಟ್ಟು ಅತ್ತಳು. ರಸೆಲ್ ಹೋದಾಗಲೂ ಹಾಗೆ ಅತ್ತಿರಲಿಲ್ಲ. ಅಳು ನಿಂತ ಮೇಲೆ ಇದನ್ನು ಯಾರಿಗಾದರೂ ಹೇಳಬೇಕೆನ್ನಿಸಿತು. ಹೇಳಬೇಕಾದವನು ಒಬ್ಬನೇ, ಅವನೇ ಇಲ್ಲ. ಫೋನ್ ತೆಗೆದು ಅಣ್ಣನ ಹೆಸರಿನವರೆಗೂ ಹೋದಳು. ಬೆಂಗಳೂರಿನಲ್ಲಿ ಇನ್ನೂ ಬೆಳಕಾಗಿರುವುದಿಲ್ಲ ಎಂದು ಫೋನನ್ನು ಚೀಲಕ್ಕೆ ಹಾಕಿದಳು. ಬೆಳಕಾಗಿದ್ದರೂ ಎಲ್ಲಿಂದ ಶುರು ಮಾಡಬೇಕೆಂದು ಅವಳಿಗೆ ತಿಳಿಯುತ್ತಿರಲಿಲ್ಲ.

ಆ ವಾರವೇ ಪೊಲೀಸ್ ಠಾಣೆಗೆ ಫೋನ್ ಮಾಡಿ, ಅವರು ಹೇಳಿದಂತೆ ಪಿಸ್ತೂಲನ್ನು ಬೀಗದ ಪೆಟ್ಟಿಗೆಯಲ್ಲಿಟ್ಟು ಡಿಕ್ಕಿಯಲ್ಲಿ ಒಯ್ದು ಒಪ್ಪಿಸಿದಳು. ಕರಗಿಸಿಬಿಡುತ್ತಾರೆ ಎಂದು ಮುಖ್ತಾರ್ ಸ್ವಲ್ಪ ಬೇಜಾರು ಮಾಡಿಕೊಂಡ. ಯಾವುದಾದರೂ ಮ್ಯೂಸಿಯಂ ಇಟ್ಟುಕೊಳ್ಳುತ್ತಿತ್ತು ಎಂದ. ಒಬ್ಬ ತಾಯಿ ಮನೆಯಲ್ಲಿಟ್ಟುಕೊಳ್ಳಲು ಒಪ್ಪದ್ದನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಯಾರಿಗೆ ತೋರಿಸುವುದು ಎಂದಳು ಹರಿಣಿ.

ಎಲ್ಡನ್‌ಗೆ ಆಮೇಲೆ ಎರಡು ಮೂರು ಸಲ ಫೋನ್ ಮಾಡಿದಳು. ಅವರಿಗೆ ಅವಳ ನೆನಪಿರಲಿಲ್ಲ. ವರ್ನನ್ ಚೆನ್ನಾಗಿದ್ದಾನೆಯೇ ಎಂದು ಕೇಳುತ್ತಿದ್ದರು, ಚೆನ್ನಾಗಿದ್ದಾರೆ ಎನ್ನುತ್ತಿದ್ದಳು. ಆ ವರ್ಷ ಮುಗಿಯುವ ಹೊತ್ತಿಗೆ ಅವರೂ ಹೋದರು. ಮಾರ್ಲೀನ್ ಫೋನ್ ಮಾಡಿ, ಅಪ್ಪ ಯುದ್ಧದ ಬಗ್ಗೆ ನಮ್ಮ ಹತ್ತಿರ ತುಟಿ ಬಿಚ್ಚಲಿಲ್ಲ, ಅಡುಗೆ ಭಟ್ಟನಾಗಿದ್ದೆ ಎಂದಷ್ಟೇ ಹೇಳುತ್ತಿದ್ದ, ಅವತ್ತು ನಿಮ್ಮ ಹತ್ತಿರ ಏನಾದರೂ ಹೇಳಿದನೇ ಎಂದು ಕೇಳಿದಳು. ಹೇಳಿದ್ದಾರೆ ಎಂದಳು ಹರಿಣಿ. ಹಾಗಾದರೆ ಅಂತ್ಯಕ್ರಿಯೆಗೆ ಬಂದು ಎಲ್ಲರೆದುರು ಅದನ್ನೇ ಹೇಳುತ್ತೀರಾ ಎಂದಳು ಮಾರ್ಲೀನ್.

ಮಿರಾಮರ್‌ನ ಸೈನಿಕರ ಸ್ಮಶಾನದಲ್ಲಿ ಬೆರಳೆಣಿಕೆಯ ಜನ ಸೇರಿದ್ದರು. ಸಮವಸ್ತ್ರದ ಇಬ್ಬರು ಯುವ ಸೈನಿಕರು ಬಾವುಟ ಮಡಚಿ ಮಾರ್ಲೀನ್ ಕೈಗಿತ್ತರು. ಆಮೇಲೆ ಹರಿಣಿ ಎದ್ದು ನಿಂತಳು. ಕೆಸರು, ಮಳೆ, ಸ್ಟ್ರೆಚರು, ಬಿಲ್ಲೆ ನೋಡಿ ಹೆಸರು ಹೇಳುತ್ತಿದ್ದದ್ದು, ತಾಯಂದಿರ ಕಣ್ಣಿಗೆ ಬೀಳಬಾರದ್ದನ್ನು ಸುಡುತ್ತಿದ್ದದ್ದು, ಬೇಕರ್ಸ್‌ಫೀಲ್ಡಿನ ಊಟ, ಕೈ ಬಿಡದ ಆ ವಾಸನೆ ಎಲ್ಲವನ್ನೂ ಏನೂ ಸೇರಿಸದೆ ಹೇಳಿದಳು. ನಡುವೆ ಮೇಲೆ ಜೆಟ್ ವಿಮಾನ ಹಾದುಹೋಯಿತು. ಸದ್ದು ಅಡಗುವವರೆಗೆ ನಿಲ್ಲಿಸಿ ಮತ್ತೆ ಮುಂದುವರಿಸಿದಳು. ಎಲ್ಡನ್, ವರ್ನನ್ ಇಬ್ಬರ ಹೆಸರನ್ನೂ ಹೇಳಿದಳು, ಡೆಲ್ಮರ್‌ನ ಹೆಸರನ್ನೂ ಹೇಳಿದಳು. ಸೈನಿಕರಲ್ಲಿ ಕಿರಿಯವನು ನೆಟ್ಟಗೆ ಮುಂದೆ ನೋಡುತ್ತ ನಿಂತಿದ್ದರೂ ಕೆನ್ನೆ ಒದ್ದೆಯಾಗಿತ್ತು.

ಮಾರ್ಲೀನ್ ಬಂದು ಅವಳನ್ನು ತಬ್ಬಿಕೊಂಡಳು. ಚಿಕ್ಕಂದಿನಲ್ಲಿ ಅಪ್ಪ ಬಟ್ಟೆಯ ಕೈಗವಸು ಹಾಕಿಕೊಂಡು ನನಗೆ ಜಡೆ ಹಾಕುತ್ತಿದ್ದ, ಅವನಿಗೆ ಚಳಿ ಜಾಸ್ತಿ ಅಂದುಕೊಂಡಿದ್ದೆ ಎಂದಳು.

"ನಿಮ್ಮ ಗಂಡನಿಗೆ ಇದೆಲ್ಲ ಗೊತ್ತಿತ್ತಾ?"

"ಇಲ್ಲ," ಎಂದಳು ಹರಿಣಿ.

ಊಟಕ್ಕೆ ನಿಲ್ಲಿ ಎಂದು ಮಾರ್ಲೀನ್ ಒತ್ತಾಯ ಮಾಡಿದಳು. ಅಲ್ಲಿದ್ದವರೆಲ್ಲ ತಮ್ಮ ತಮ್ಮವರ ಜೊತೆ ಬಂದವರು. ಹರಿಣಿ ಸ್ವಲ್ಪ ಹೊತ್ತು ತಟ್ಟೆ ಹಿಡಿದು ನಿಂತಿದ್ದು, ಟ್ರಾಫಿಕ್ ಶುರುವಾಗುತ್ತದೆಂದು ನೆಪ ಹೇಳಿ ಹೊರಟಳು. ಉತ್ತರಕ್ಕೆ ಹೋಗುವ ಕಾರುಗಳ ಸಾಲು ಆಗಲೇ ನಿಂತುಬಿಟ್ಟಿತ್ತು. ಅವಳಿಗೆ ಅವಸರವಿರಲಿಲ್ಲ. ಮನೆ ಸೇರಿದಾಗ ಬೀದಿಯ ದೀಪಗಳು ಹತ್ತಿದ್ದವು. ಒಳಗೆ ಬಂದು ಚಪ್ಪಲಿ ಬಿಟ್ಟು, ಕೈ ತೊಳೆದುಕೊಂಡು, ಒಬ್ಬಳಿಗಾಗುವಷ್ಟು ಅನ್ನಕ್ಕೆ ಇಟ್ಟಳು.